ನೂರು ವೋಲ್ಟಿನ ಭಜನೆ

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂದು ಗಾದೆ ಕಟ್ಟಿದವರ ಓಣಿಯಲ್ಲಿ ಕರೆಂಟು ಚೆನ್ನಾಗಿತ್ತು ಅಂತ ಕಾಣುತ್ತದೆ. ಪಾಪಿನಾಯಕನಹಳ್ಳಿಯ ಹಿಂದಿನ ಓಣಿಯಲ್ಲಿ ಜಗಳ ಶುರುವಾಗುತ್ತಿದ್ದದ್ದೇ ಉಣ್ಣಲು ಕೂತಾಗ. ಬದನೆಕಾಯಿ ಎಂದುಕೊಂಡು ಓಬಳೇಶ ಬಾಯಿಗಿಟ್ಟದ್ದು ಇಡೀ ಹಸಿಮೆಣಸಿನಕಾಯಿ ಆಗಿರುತ್ತಿತ್ತು. ಅವನು ಕಣ್ಣು ಮೂಗು ಒಂದು ಮಾಡಿಕೊಂಡು ನೀರಿನ ತಂಬಿಗೆಗೆ ತಡಕಾಡುತ್ತಿದ್ದರೆ, ಹೆಂಡತಿ ರೇಣುಕಾದೇವಿ ಕೇಳುತ್ತಿದ್ದಳು:

“ಕಣ್ಣು ಕಾಣಂಗಿಲ್ಲೇನ್ರಿ ನಿಮಗ?”

“ನನ್ನ ಕಣ್ಣು ಚಲೋ ಅದಾವ. ಆ ಬಲ್ಬಿಗೆ ನಾನು ಕಾಣವಲ್ಲೆ!”

ಅವನ ಮಾತೂ ಸುಳ್ಳಲ್ಲ. ಸಂಜೆಯಾಯಿತೆಂದರೆ ಆ ಓಣಿಯ ಬಲ್ಬುಗಳು ಮೂರು ದಿನ ಉಪವಾಸವಿದ್ದವರಂತೆ ಮಿಣಮಿಣ ಎನ್ನುತ್ತಿದ್ದವು. ಫ್ಯಾನಿನ ರೆಕ್ಕೆಯ ಮೇಲೆ ಕೂತ ನೊಣ ನಾಲ್ಕು ಸುತ್ತು ತಿರುಗಿ, ಬೇಸರ ಬಂದು, ತಾನೇ ಇಳಿದು ನಡೆದುಕೊಂಡು ಹೋಗುತ್ತಿತ್ತು. ಇದಕ್ಕೆ ಕಾರಣ ಊರಿಗೆಲ್ಲ ಗೊತ್ತಿತ್ತು. ಓಣಿಯ ಮನೆಗಳಿಗೂ ಅದರ ಹಿಂದಿನ ಬಾಳೆ ತೋಟಗಳ ಮೋಟರುಗಳಿಗೂ ಇದ್ದದ್ದು ಒಂದೇ ಟೀಸಿ. (ಪಟ್ಟಣದವರು ಟ್ರಾನ್ಸ್‌ಫಾರ್ಮರ್ ಎಂದು ನಾಲಿಗೆ ಹೊರಳಿಸಿ ಹೇಳುವುದನ್ನು ನಮ್ಮ ಕಡೆ ಟೀಸಿ ಎಂದು ಮುಗಿಸುತ್ತೇವೆ.) ಸಂಜೆ ಮೋಟರುಗಳೆಲ್ಲ ಒಟ್ಟಿಗೆ ಗುಂಯ್ ಎಂದರೆ ಇದ್ದಬದ್ದ ಕರೆಂಟೆಲ್ಲ ಬಾಳೆಗಿಡದ ಪಾಲು. ಗೊನೆ ದಪ್ಪವಾದಷ್ಟೂ ಬಲ್ಬು ಸಣ್ಣಗಾಗುತ್ತಿತ್ತು.

ಈ ಅನ್ಯಾಯದ ವಿರುದ್ಧ ಸೊಂಟ ಕಟ್ಟಿ ನಿಂತವನು ಓಬಳೇಶ. ವಡ್ಡು ಎಂಬ ಊರಿನ ಹತ್ತಿರ ಅದಿರಿನ ಲಾರಿ ತೂಗುವ ವೇಬ್ರಿಜ್ಜಿನಲ್ಲಿ ಅವನು ಗುಮಾಸ್ತ. ಲಾರಿ ಬರದ ಹೊತ್ತಿನಲ್ಲಿ ಕೂತು ಕರೆಂಟ್ ಆಫೀಸಿಗೆ ಅರ್ಜಿ ಬರೆಯುವುದು ಅವನ ಸಾಹಿತ್ಯ ಸೇವೆ. ‘ಘನತೆವೆತ್ತ ಅಧಿಕಾರಿಗಳ ದಿವ್ಯ ಸನ್ನಿಧಾನಕ್ಕೆ, ಈ ಅಂಧಕಾರ ಕೂಪದಲ್ಲಿ ಬಿದ್ದು ತೊಳಲುತ್ತಿರುವ ಪಾಮರರಿಗೆ ಒಂದು ಹೊಸ ಟೀಸಿಯನ್ನು ದಯಪಾಲಿಸಿ ಉದ್ಧರಿಸಬೇಕಾಗಿ’ ಎಂದು ಅವನು ಬರೆದರೆ, ಆಫೀಸಿನ ಜೆ.ಇ. ಪರಶುರಾಮ್ ಅದನ್ನು ಊಟದ ಬಿಡುವಿನಲ್ಲಿ ಉಳಿದವರಿಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದರಂತೆ. ಊರಲ್ಲಿ ಅವನಿಗೆ ಅರ್ಜಿ ಓಬಳೇಶ ಎಂಬ ಬಿರುದು ಬಂತು. ಟೀಸಿ ಮಾತ್ರ ಬರಲಿಲ್ಲ.

ಹೀಗಿರುವಾಗ ಅವರ ಮನೆಗೆ ಯೂಕಿ ಬಂದಳು.

ಯೂಕಿ ಜಪಾನಿನವಳು. ಹಂಪಿ ನೋಡಲು ಬಂದವಳಿಗೆ ಅಲ್ಲಿನ ಬಂಡೆಗಳು ಎಷ್ಟು ಹಿಡಿಸಿದವೆಂದರೆ, ವೀಸಾ ಮುಗಿಯುವವರೆಗೆ ಎಲ್ಲಾದರೂ ಒಂದು ಕೋಣೆ ಸಿಕ್ಕರೆ ಸಾಕೆಂದು ಹುಡುಕುತ್ತ ಬಂದು ಓಬಳೇಶನ ಮಾಳಿಗೆ ಕೋಣೆ ಹಿಡಿದಳು. ಬರುವಾಗ ಬೆನ್ನಿಗೆ ಒಂದು ಚೀಲ, ಹೆಗಲಿಗೆ ಒಂದು ಉದ್ದನೆಯ ಎಲೆಕ್ಟ್ರಿಕ್ ಕೀಬೋರ್ಡು. ಇಳಿಹೊತ್ತು, ಮೋಟರುಗಳು ಶುರುವಾಗುವ ಮೊದಲೇ, ಕೆಳಗೆ ರೇಣುಕಾದೇವಿಯ ಮಹಿಳಾ ಭಜನಾ ಮಂಡಳಿ ತಾಳ ಕುಟ್ಟಲು ಶುರು ಮಾಡಿದರೆ, ಯೂಕಿ ಕೀಬೋರ್ಡು ಹೊತ್ತು ಇಳಿದು ಬಂದು ಹಿಂದೆ ಕೂತು ಸ್ವರ ಹಿಡಿಯುತ್ತಿದ್ದಳು. ಕನ್ನಡದಲ್ಲಿ ಅವಳು ಕಲಿತದ್ದು ‘ಅಕ್ಕಾ’, ‘ಸಾಕು’, ‘ಭಾಳ ಖಾರ’ ಇಷ್ಟೇ. ಆದರೆ ಭಜನೆಗೆ ಇಷ್ಟು ಸಾಕಾಯಿತು. ಅಷ್ಟು ದಿನದಲ್ಲಿ ರೇಣುಕಾದೇವಿಯೂ ಅವಳ ಪಕ್ಕ ಕೂತು ಬಿಳಿ ಮನೆ ಕರಿ ಮನೆ ಒತ್ತುವುದನ್ನು ಕಲಿತುಬಿಟ್ಟಳು.

ಹೋಗುವ ದಿನ ಯೂಕಿ ಆ ಕೀಬೋರ್ಡನ್ನು ರೇಣುಕಾದೇವಿಯ ತೊಡೆಯ ಮೇಲಿಟ್ಟು, ಆ ದಿನಕ್ಕೆಂದೇ ಕಲಿತ ಮಾತಿನಲ್ಲಿ “ಅಕ್ಕಾ, ನಿನ್ನದು” ಎಂದಳು. ಇಬ್ಬರೂ ಅತ್ತರು. ಆಮೇಲೆ ಯೂಕಿ ಓಬಳೇಶನನ್ನು ಕರೆದು, ತನ್ನ ಇಟ್ಟಿಗೆಯಂಥ ಕರಿ ಡಬ್ಬಿಯನ್ನು ತೋರಿಸಿ, ಕೈಸನ್ನೆಯಲ್ಲೇ ಪಾಠ ಮಾಡಿದಳು. ಜಪಾನಿನ ಗೋಡೆಯಲ್ಲಿ ಬರುವುದು ನೂರು ವೋಲ್ಟು, ನಿಮ್ಮ ಗೋಡೆಯಲ್ಲಿ ಬರುವುದು ಇನ್ನೂರ ಮೂವತ್ತು. ನಡುವೆ ಇಂಥ ಡಬ್ಬಿ ಇಟ್ಟು ಕರೆಂಟನ್ನು ಇಳಿಸಿಕೊಳ್ಳದೆ ಚುಚ್ಚಿದರೆ... ಎಂದು ಎರಡೂ ಕೈ ಮೇಲೆತ್ತಿ “ಢಂ!” ಎಂದಳು. ಅವಳ ಡಬ್ಬಿ ಅವಳ ಉಳಿದ ಸಾಮಾನಿಗೆ ಮುಂದಿನ ದೇಶದಲ್ಲಿ ಬೇಕಿತ್ತು. ಅದನ್ನು ಅವಳೇ ಒಯ್ದಳು.

ಮರುದಿನದಿಂದ ರೇಣುಕಾದೇವಿ ಡಬ್ಬಿಯ ಜಪ ಶುರು ಮಾಡಿದಳು. ಓಬಳೇಶ ಹೊಸಪೇಟೆಗೆ ಹೋಗಿ ಹೊನ್ನೂರುಸ್ವಾಮಿಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳಿದ. “ಅದು ಇಲ್ಲಿ ಯಾರು ಕೇಳ್ತಾರ್ರಿ? ಆರ್ಡರ್ ಹಾಕ್ತೀನಿ, ಬಂದಾಗ ಫೋನ್ ಮಾಡ್ತೀನಿ” ಎಂದು ಅವನು ಮನೆಯ ನಂಬರು ಬರೆದುಕೊಂಡ. ಓಬಳೇಶ ಬಂದವನು ಅದನ್ನು ಮರೆತ. ಮರೆಯುವುದರಲ್ಲಿ ಅವನಿಗೆ ಒಳ್ಳೆಯ ಅಭ್ಯಾಸವಿತ್ತು.

“ಡಬ್ಬಿ ಬಂತೇನ್ರಿ?”

“ಬರತೈತಿ ತಗೋ.”

“ಮದುವಿ ಆದಾಗಿಂದ ನೀವು ತರತೀನಿ ಅಂದಿದ್ದು ಯಾವುದು ಬಂದೈತಿ? ಹೊಸ ಟೀಸಿ ಬಂತಾ? ಹಿತ್ತಲ ಬಾಗಲಕ್ಕ ಚಿಲಕ ಬಂತಾ?”

ಚಿಲಕಕ್ಕೂ ಟೀಸಿಗೂ ಒಂದೇ ತಕ್ಕಡಿ! ತೂಕದ ವೃತ್ತಿಯವನಿಗೆ ಇದು ಭಾರಿ ಅವಮಾನ. ಓಬಳೇಶ ರೋಷದಿಂದ ಅಟ್ಟ ಹತ್ತಿ, ಹಳೆಯ ಟಿವಿಯ ಕಾಲದ ಸ್ಟೆಬಿಲೈಜರನ್ನು ಕೆಳಗಿಳಿಸಿದ. ಅದರ ಹೊಟ್ಟೆಯೊಳಗಿನ ತಾಮ್ರದ ಸುರುಳಿಯನ್ನು ಎಂದೋ ಗುಜರಿಯವನಿಗೆ ಕೊಟ್ಟಾಗಿತ್ತು. ಉಳಿದದ್ದು ತಗಡಿನ ಡಬ್ಬಿ, ಮುಖದ ಮೇಲೊಂದು ಕೆಂಪು ದೀಪ, ವೋಲ್ಟು ತೋರಿಸುವ ಒಂದು ಮುಳ್ಳು. ಇದರಿಂದ ಏನಾದರೂ ಆದೀತೇ ಎಂದು ಸುಮ್ಮನೆ ಗೋಡೆಗೆ ಚುಚ್ಚಿ ನೋಡಿದ. ಸಂಜೆಯ ಹೊತ್ತು. ತೋಟದಲ್ಲಿ ಮೋಟರುಗಳು ಗುಂಯ್ ಎನ್ನುತ್ತಿದ್ದವು. ಮುಳ್ಳು ಮೆಲ್ಲಗೆ ಎದ್ದು, ನೂರರ ಮೇಲೆ ಬಂದು ನಿಂತುಬಿಟ್ಟಿತು.

ಓಬಳೇಶನಿಗೆ ಜ್ಞಾನೋದಯವಾಯಿತು. ಕರೆಂಟನ್ನು ನೂರಕ್ಕೆ ಇಳಿಸಲು ಡಬ್ಬಿ ಬೇಕಾದದ್ದು ಕರೆಂಟು ಸರಿ ಇದ್ದವರಿಗೆ. ಈ ಓಣಿಯಲ್ಲಿ ದೇವರೇ ಇಳಿಸಿ ಕೊಟ್ಟಿದ್ದಾನೆ! ಸಂಜೆಯ ಹೊತ್ತು ಪಾಪಿನಾಯಕನಹಳ್ಳಿಯ ಹಿಂದಿನ ಓಣಿ ಸಾಕ್ಷಾತ್ ಜಪಾನು! ಮನುಷ್ಯ ಸುಳ್ಳು ಹೇಳಿದರೂ ಮುಳ್ಳು ಸುಳ್ಳು ಹೇಳುವುದಿಲ್ಲ ಎನ್ನುವುದು ವೇಬ್ರಿಜ್ಜಿನವರ ಧರ್ಮ. ಅವನು ಖಾಲಿ ಡಬ್ಬಿಯೊಳಗೆ ಒಂದು ವೈರನ್ನು ಈ ಕಡೆಯಿಂದ ಆ ಕಡೆಗೆ ಎಳೆದು, ಮುಚ್ಚಳ ಹಾಕಿ ಸ್ಕ್ರೂ ತಿರುಗಿಸಿ, ಹೆಂಡತಿಯನ್ನು ಕರೆದ.

ಕೀಬೋರ್ಡು ನುಡಿಯಿತು. ಎಷ್ಟು ಚೆನ್ನಾಗಿ ನುಡಿಯಿತೆಂದರೆ ಓಬಳೇಶನೇ ಬೆಚ್ಚಿಬಿದ್ದ.

“ಅಯ್ಯ! ಡಬ್ಬಿ ತಂದ್ರೇನು?” ರೇಣುಕಾದೇವಿ ಬಾಯಿ ತೆರೆದಳು.

ತಂದಿಲ್ಲ, ನಮ್ಮ ಕರೆಂಟೇ ದರಿದ್ರ ಎಂದು ಹೇಳಲು ಇದ್ದದ್ದು ಅದೊಂದೇ ಕ್ಷಣ. ಆ ಕ್ಷಣ ಅವನ ನಾಲಿಗೆ ಕೈ ಕೊಟ್ಟಿತು. “ತರಾದೇನು, ನಾನಾ ಮಾಡೀನಿ” ಎಂದುಬಿಟ್ಟ.

“ನೀವಾ?”

“ನಾನಾ. ಒಳಗ ಭಾಳ ಸೂಕ್ಷ್ಮ ಐತಿ. ಯಾರೂ ಮುಟ್ಟಬಾರದು.”

ರೇಣುಕಾದೇವಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ನಿಮಗೂ ಒಂದು ಕೆಲಸ ಬರತೈತಿ ಅನ್ನಾದು ಇವತ್ತ ಗೊತ್ತಾತು ನೋಡ್ರಿ” ಎಂದಳು. ಮದುವೆಯಾದಂದಿನಿಂದ ಹೆಂಡತಿಯ ಬಾಯಿಂದ ಅವನು ಕೇಳಿದ ಮೊದಲ ಹೊಗಳಿಕೆ ಅದು. ಆ ದಿನ ಅವನ ರೊಟ್ಟಿಯ ಮೇಲೆ ಕೇಳದೆಯೇ ಬೆಣ್ಣೆ ಬಿತ್ತು. ಬೆಣ್ಣೆ ತಿಂದವನಿಗೆ ನಿಜ ಹೇಳುವ ಶಕ್ತಿ ಎಲ್ಲಿಂದ ಬರಬೇಕು?

ಅಂದಿನಿಂದ ಓಬಳೇಶನ ಬದುಕು ಬದಲಾಯಿತು. ತಾನು ಕೆಲಸದಿಂದ ಬಂದ ಮೇಲೆಯೇ ಪೆಟ್ಟಿಗೆ ಚಾಲೂ ಎಂದು ಭಜನೆಯನ್ನು ಮೋಟರಿನ ಹೊತ್ತಿಗೆ ಸರಿಸಿದ. ಮೊದಲು ಮೋಟರಿನ ಸದ್ದು ಕೇಳಿದರೆ ತೋಟದವರಿಗೆ ಶಾಪ ಹಾಕುತ್ತಿದ್ದವನು ಈಗ ಸಂಜೆಯಾದರೆ ಓಣಿಯ ತುದಿಗೆ ಹೋಗಿ ಆ ಸದ್ದಿಗಾಗಿ ಕಿವಿಗೊಟ್ಟು ನಿಲ್ಲುತ್ತಿದ್ದ. ಒಂದು ದಿನ ಸದ್ದು ಕಡಿಮೆ ಅನ್ನಿಸಿ, ಬಾಳೆ ತೋಟದ ಮಾರೆಪ್ಪನ ಮನೆಗೇ ಹೋದ.

“ಮಾರೆಪ್ಪಾ, ಇವತ್ತ ನೀರು ಹಾಯ್ಸಂಗಿಲ್ಲೇನೋ?”

“ನಿನ್ನಿ ಹಾಯ್ಸೀನಲ್ಲೋ.”

“ಬಾಳಿಗೆ ಒಂದು ದಿನ ನೀರು ತಪ್ಪಿಸಿದ್ರ ಪಾಪ ಬರತೈತಿ. ಹೋಗು, ಜಲ್ದಿ ಮೋಟ್ರು ಚಾಲೂ ಮಾಡು.”

ಹಿಂದಿನ ತಿಂಗಳು ಇದೇ ಮೋಟರಿಗಾಗಿ ತನ್ನ ಏಳು ತಲೆಮಾರನ್ನು ಬಯ್ದವನು ಈಗ ಬಾಳೆಗಿಡದ ಮೇಲೆ ಕನಿಕರ ತೋರಿಸುತ್ತಿರುವುದನ್ನು ಕಂಡು ಮಾರೆಪ್ಪ ಅವನ ಹಣೆ ಮುಟ್ಟಿ ನೋಡಿದ.

ಮುಳ್ಳು ನೂರಕ್ಕೆ ಬಂದಿದೆಯೇ ಎಂದು ಗುಟ್ಟಾಗಿ ನೋಡಿಕೊಳ್ಳಲು ಓಬಳೇಶನಿಗೆ ಒಂದು ನೆಪ ಬೇಕಿತ್ತು. ಹಾಗಾಗಿ ದಿನಾ ಡಬ್ಬಿಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಬಗ್ಗಿ ನಮಸ್ಕಾರ ಮಾಡಿ, ಆ ಬಗ್ಗಿದ ಭಂಗಿಯಲ್ಲೇ ಮುಳ್ಳು ಓದಿ, ಆಮೇಲೆ ಸ್ವಿಚ್ಚು ಒತ್ತುತ್ತಿದ್ದ. ಮಳೆ ಬಂದ ದಿನ ಯಾರೂ ನೀರು ಹಾಯಿಸುತ್ತಿರಲಿಲ್ಲ, ಮುಳ್ಳು ಇನ್ನೂರು ದಾಟುತ್ತಿತ್ತು. ಆಗ “ಮಳ್ಯಾಗ ಜಪಾನಿ ಸ್ವರಕ್ಕ ಥಂಡಿ ಹತ್ತತೈತಿ, ಇವತ್ತ ಬ್ಯಾಡ” ಎನ್ನುತ್ತಿದ್ದ. ಮಂಡಳಿಯ ಹೆಂಗಸರು ಹೌದೌದು ಎಂದು ತಲೆಯಾಡಿಸಿ, ಬರೀ ತಾಳದಲ್ಲೇ ಭಜನೆ ಮುಗಿಸುತ್ತಿದ್ದರು. ನಾಸ್ತಿಕನಂತಿದ್ದ ಗಂಡ ದಿನವೂ ಹೊತ್ತಿಗೆ ಸರಿಯಾಗಿ ಊದಿನಕಡ್ಡಿ ಹಚ್ಚುವುದನ್ನು ರೇಣುಕಾದೇವಿ ಗಲ್ಲಕ್ಕೆ ಕೈ ಹಚ್ಚಿ ನೋಡುತ್ತಿದ್ದಳು.

ಹೀಗೆ ಸಂಸಾರ ನೂರು ವೋಲ್ಟಿನಲ್ಲಿ ಸುಖವಾಗಿ ಸಾಗುತ್ತಿರುವಾಗ, ಒಂದು ದಿನ ಪಂಚಾಯ್ತಿ ಅಧ್ಯಕ್ಷೆ ವಿರುಪಮ್ಮ ಸಕ್ಕರೆ ಪೊಟ್ಟಣ ಹಿಡಿದುಕೊಂಡು ಒಳಗೆ ಬಂದರು.

“ಓಬಳೇಶಾ, ಬಾಯಿ ತೆಗಿ!”

ತೆಗೆದ ಬಾಯಿಗೆ ಸಕ್ಕರೆ ಸುರಿದು ವಿರುಪಮ್ಮ ಸುದ್ದಿ ಹೇಳಿದರು. “ನಮ್ಮ ಓಣಿಗೆ ಹೊಸ ಟೀಸಿ ಮಂಜೂರಾಗೈತಿ! ಗುರುವಾರ ಸಂಜೀಕ ಚಾಲೂ ಮಾಡ್ತಾರ. ಎಲ್ಲಾ ನಿನ್ನ ಅರ್ಜಿ ಪುಣ್ಯ. ಸಮುದಾಯ ಭವನದಾಗ ಕಾರ್ಯಕ್ರಮ ಇಟ್ಟೀವಿ. ಟೀಸಿ ಹಿಡಿಕಿ ಎತ್ತಾವ ನೀನಾ, ಶಾಲು ಹೊದಿಸಾದು ನಿನಗಾ. ಬೆಳಕು ಬಂದ ಕೂಡ್ಲೆ ಮೊದಲನೇದ್ದು ರೇಣುಕಾನ ಭಜನಿ, ಜಪಾನ್ ಪೆಟಗಿ ಬಾರಿಸಿಕೋಂತ!”

ಓಬಳೇಶನ ಬಾಯಲ್ಲಿ ಸಕ್ಕರೆ ಕರಗಲಿಲ್ಲ. ಹೊಸ ಟೀಸಿ ಎಂದರೆ ಇನ್ನೂರ ಮೂವತ್ತು. ಇನ್ನೂರ ಮೂವತ್ತು ಎಂದರೆ, ಯೂಕಿಯ ಎರಡು ಕೈ ಮೇಲಕ್ಕೆ ಎದ್ದು...

“ಯಾಕ್ರಿ, ಮಾರಿ ಹಿಂಗ್ಯಾಕಾತು?” ರೇಣುಕಾದೇವಿ ಕೇಳಿದಳು.

“ಆನಂದಕ್ಕ” ಎಂದು ಅವನು ಕಣ್ಣೊರೆಸಿಕೊಂಡ.

ಮರುದಿನ ಅವನು ವೇಬ್ರಿಜ್ಜಿಗೆ ರಜೆ ಹಾಕಿ ಕರೆಂಟ್ ಆಫೀಸಿಗೆ ಓಡಿದ. ಜೆ.ಇ. ಪರಶುರಾಮ್ ಅವನನ್ನು ಕಂಡವರೇ ಎದ್ದು ನಿಂತು ಕೈ ಮುಗಿದರು.

“ಬರ್ರಿ ಬರ್ರಿ, ಕುಂದ್ರಿ. ಕೊನಿಗೂ ಗೆದ್ರಿ ನೋಡ್ರಿ! ಧನ್ಯವಾದದ ಪತ್ರ ತಂದೀರೇನು?”

“ಅಲ್ರಿ ಸರ, ಆ ಟೀಸಿ... ಸ್ವಲ್ಪ ಮುಂದ ಹಾಕಾಕ ಬರತೈತೇನ್ರಿ?”

ಜೆ.ಇ. ಕುರ್ಚಿ ಹಿಡಿದುಕೊಂಡು ಕೂತರು. “ಏನಂದ್ರಿ?”

“ಅಂದ್ರ... ಓಣ್ಯಾಗಿನ ಮಂದಿ ಕತ್ತಲಿಗೆ ಹೊಂದಿಕೊಂಡಾರ್ರಿ. ಒಮ್ಮೆಗೇ ಇಷ್ಟು ಬೆಳಕು ಕೊಟ್ರ ಕಣ್ಣಿಗೆ ತ್ರಾಸ ಆಗಬೌದು. ವಾರ ತಿಥಿನೂ ಚಲೋ ಇಲ್ಲ.”

“ಓಬಳೇಶಪ್ಪಾರ, ನಿಮ್ಮ ಅರ್ಜಿ ಓದಿ ಓದಿ ನನ್ನ ಕನ್ನಡ ಹಳಗನ್ನಡ ಆಗೈತಿ. ಅಂಧಕಾರ ಕೂಪ ಅಂತ ಬರದಾವ್ರು ನೀವಾ ಅಲ್ಲೇನು? ಈಗ ಕೂಪನಾ ಚಲೋ ಐತಿ ಅಂತೀರಲ್ಲ! ಟೀಸಿ ಲಾರಿಗೆ ಏರೈತಿ. ಹೋಗಿ ಶಾಲು ಹೊದ್ಕೊಳ್ರಿ.”

ಅಲ್ಲಿಂದ ನೇರ ಹೊನ್ನೂರುಸ್ವಾಮಿಯ ಅಂಗಡಿಗೆ. “ಸ್ವಾಮೀ, ಆ ಡಬ್ಬಿ! ನಾನು ಆರ್ಡರ್ ಕೊಟ್ಟಿದ್ನಲ್ಲ!”

“ಅದು ಬಂದು ಹೋತಲ್ರಿ” ಎಂದ ಹೊನ್ನೂರುಸ್ವಾಮಿ, ಎದುರಿಗೆ ಇನ್ನೊಬ್ಬ ಗಿರಾಕಿಗೆ ವೈರು ಅಳೆಯುತ್ತ.

“ಹೋತು?” ಓಬಳೇಶ ಗಲ್ಲಾಪೆಟ್ಟಿಗೆಯ ಮೇಲೆ ಬಗ್ಗಿದ. “ಇನ್ನೊಂದು?”

“ಇನ್ನೊಂದು ಬರಾಕ ಎರಡು ಮೂರು ವಾರ ಆಗತೈತ್ರಿ.”

ಯಾರೋ ಪಾಪಿ ತನ್ನ ಡಬ್ಬಿಯನ್ನು ಹಾರಿಸಿಕೊಂಡು ಹೋದನಲ್ಲ ಎಂದು ಶಪಿಸುತ್ತ ಓಬಳೇಶ ಬಸ್ಸು ಹತ್ತಿದ. ನಿಜ ಹೇಳಿಬಿಡುವುದೇ ಸರಿ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ‘ರೇಣುಕಾ, ಒಂದು ಮಾತು’ ಎಂದು ಶುರು ಮಾಡುವುದು. ‘ನಗಬ್ಯಾಡ’ ಎಂದು ಮುಂದುವರಿಸುವುದು. ಮನೆಗೆ ಬಂದರೆ ಅವಳು ಇಳಕಲ್ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು.

“ರೇಣುಕಾ, ಒಂದು ಮಾತು...”

“ನಾನಾ ಒಂದು ಮಾತು ಹೇಳ್ತೀನಿ ಕೇಳ್ರಿ” ಎಂದಳು ಅವಳು, ಇಸ್ತ್ರಿಪೆಟ್ಟಿಗೆ ಬದಿಗಿಟ್ಟು. “ಸಣ್ಣಾಕಿದ್ದಾಗಿಂದ ಹಾಡ್ತೀನಿ. ಎಲ್ಲಿ ಹೋದ್ರೂ ಹಿಂದ ಕುಂಡ್ರಿಸಿ ತಾಳ ಕೊಡ್ತಿದ್ರು. ಊರ ಮುಂದ, ಮೈಕಿನ ಮುಂದ, ನಾನಾ ಬಾರಿಸಿ ನಾನಾ ಹಾಡಾದು ಇದಾ ಮೊದಲು. ಎದಿ ಡವಡವ ಅಂತೈತ್ರಿ.” ಅವಳ ಕಣ್ಣಲ್ಲಿ ನೀರು ತುಂಬಿತ್ತು. ಸೆರಗಿನಿಂದ ಒರೆಸಿಕೊಂಡು ನಕ್ಕಳು. “ನಿಮ್ಮ ಡಬ್ಬಿ ಐತಿ ಅಂತ ಧೈರ್ಯ. ಏನೋ ಹೇಳಾಕ ಬಂದ್ರಲ್ಲ, ಹೇಳ್ರಿ.”

ಓಬಳೇಶ ಅವಳ ಮುಖ ನೋಡಿದ. “ಸೀರಿ ಮಸ್ತ್ ಐತಿ” ಎಂದ.

“ಅಷ್ಟಾ?”

“ಅಷ್ಟಾ.”

ಅವಳು ಅವನನ್ನು ಇನ್ನೂ ಸ್ವಲ್ಪ ಹೊತ್ತು ನೋಡಿ, ಮತ್ತೆ ಇಸ್ತ್ರಿ ತಿಕ್ಕತೊಡಗಿದಳು. ಅವನು ಹಿತ್ತಲಿಗೆ ಹೋಗಿ ತನ್ನ ತಲೆಗೆ ತಾನೇ ಮೊಟಕಿಕೊಂಡ. ನನ್ನ ಕೊರಳಿಗೆ ಬೀಳಬೇಕಾದ ಅರ್ಧಚಂದ್ರವನ್ನು ಶಾಲು ಎಂದು ಸುತ್ತಿಕೊಳ್ಳಲು ಹೊರಟಿದ್ದೇನಲ್ಲ ಎಂದು ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು.

ಕೊನೆಗೆ ಅವನು ಒಂದು ಉಪಾಯ ಹೂಡಿದ. ಭಜನೆ ಮೊದಲು, ಟೀಸಿ ಆಮೇಲೆ! ಹಳೆಯ ಕರೆಂಟಿನಲ್ಲಿ ಹಾಡು ಮುಗಿದು ಹೋದರೆ ಆಮೇಲೆ ಏನಾದರೂ ಆಗಲಿ. ವಿರುಪಮ್ಮನ ಕೈಕಾಲು ಹಿಡಿದು, ‘ದೇವರ ನಾಮ ಇಲ್ಲದ ಬೆಳಕು ಬೆಳಕೇ ಅಲ್ಲ’ ಎಂದು ವೇದಾಂತ ಹೇಳಿ, ಅವರನ್ನು ಒಪ್ಪಿಸಿದ. ಗುರುವಾರ ಸಂಜೆಗೆ ತಪ್ಪದೆ ಮೋಟರು ಹಚ್ಚಬೇಕೆಂದು ತೋಟ ತೋಟ ತಿರುಗಿ ಆಣೆ ಹಾಕಿಸಿಕೊಂಡು ಬಂದ. ತನ್ನ ಬುದ್ಧಿಗೆ ತಾನೇ ಶಹಬ್ಬಾಸ್ ಎಂದುಕೊಂಡ.

ಗುರುವಾರ ಅವನು ಅರ್ಧ ದಿನ ಕೆಲಸ ಮುಗಿಸಿ ಬರುವಷ್ಟರಲ್ಲಿ ಓಣಿಯಲ್ಲಿ ಕರೆಂಟೇ ಇರಲಿಲ್ಲ. ಮಧ್ಯಾಹ್ನವೇ ಲೈನ್ ಬಂದ್ ಮಾಡಿ, ಹಳೆಯ ಟೀಸಿಯಿಂದ ಮನೆಗಳ ತಂತಿ ಬಿಚ್ಚಿ ಹೊಸದಕ್ಕೆ ಬಿಗಿದಾಗಿತ್ತು. ಸಮುದಾಯ ಭವನದ ಪಕ್ಕದಲ್ಲಿ ಹೊಸ ಟೀಸಿ ಚೆಂಡುಹೂವಿನ ಹಾರ ಹಾಕಿಕೊಂಡು ಮದುಮಗನಂತೆ ನಿಂತಿತ್ತು. ಕಂಬಕ್ಕೆ ಕಟ್ಟಿದ ಹಿಡಿಕೆಗೆ ಕೆಂಪು ಟೇಪು. ಹಿಡಿಕೆ ಎತ್ತುವುದೊಂದೇ ಬಾಕಿ.

“ಹಾಡು ಮೊದಲು ಅಂದಿದ್ವಲ್ಲ!” ಓಬಳೇಶ ವಿರುಪಮ್ಮನ ಹಿಂದೆ ಓಡಿದ.

“ಕರೆಂಟ್ ಇಲ್ಲದ ಪೆಟಗಿ ಬಾರಸಾಕ ಆಕ್ಕತೇನೋ? ಈಗ ಇನ್ನೂ ಚಂದ ಮಾಡೀವಿ. ನೀನು ಹಿಡಿಕಿ ಎತ್ತಾದು, ರೇಣುಕಾ ಸ್ವರ ಹಿಡಿಯಾದು. ಬೆಳಕು, ಹಾಡು ಒಮ್ಮಿಗೇ!”

ಭವನದ ಕಟ್ಟೆಯ ಮೇಲೆ ಕಸೂತಿ ಬಟ್ಟೆ ಇಳಿಬಿಟ್ಟ ಮೇಜು. ಮೇಜಿನ ಮೇಲೆ ಕೀಬೋರ್ಡು. ಅದರ ಪಕ್ಕದಲ್ಲಿ, ಕುಂಕುಮ ಹಚ್ಚಿಸಿಕೊಂಡು, ಮಲ್ಲಿಗೆ ಮಾಲೆ ಸುತ್ತಿಸಿಕೊಂಡು, ಓಬಳೇಶನ ಖಾಲಿ ಡಬ್ಬಿ. ಹಿಂದೆ ಮಂಡಳಿಯ ಹೆಂಗಸರು ತಾಳ ಹಿಡಿದು ಕೂತಿದ್ದರು. ಮುಂದೆ ಇಳಕಲ್ ಸೀರೆಯಲ್ಲಿ ರೇಣುಕಾದೇವಿ, ಬೆರಳುಗಳನ್ನು ಬಿಳಿ ಮನೆಗಳ ಮೇಲೆ ಸಿದ್ಧವಾಗಿಟ್ಟುಕೊಂಡು, ಗಂಡನ ಕಡೆ ನೋಡುತ್ತಿದ್ದಳು. ಕೀಬೋರ್ಡಿನ ಸ್ವಿಚ್ಚು ಆಗಲೇ ಹಾಕಿತ್ತು.

ಮೈಕಿನವನು ಈ ಓಣಿಯ ಕರೆಂಟನ್ನು ನಂಬುವವನಲ್ಲ, ಜನರೇಟರ್ ತಂದಿದ್ದ. ಆ ಮೈಕಿನಲ್ಲಿ ವಿರುಪಮ್ಮ ಭಾಷಣ ಮಾಡಿದರು. ಕತ್ತಲೆಯನ್ನು ಅಟ್ಟಿದ ವೀರ, ಅರ್ಜಿಯ ಕಲಿ, ಓಣಿಯ ಕಣ್ಮಣಿ ಎಂದರು. ಶಾಲು ಹೊದಿಸಿದರು. ಜೆ.ಇ. ಪರಶುರಾಮ್ ಚಪ್ಪಾಳೆ ತಟ್ಟಿದರು. ಊರೆಲ್ಲ ಚಪ್ಪಾಳೆ ತಟ್ಟಿತು. ಓಬಳೇಶನನ್ನು ಹಿಡಿಕೆಯ ಹತ್ತಿರ ಒಯ್ದು ನಿಲ್ಲಿಸಿ, ಎರಡು ಮಾತು ಆಡು ಎಂದು ಕೈಗೆ ಮೈಕು ಕೊಟ್ಟರು.

ಒಂದು ಕೈಯಲ್ಲಿ ಮೈಕು, ಒಂದು ಕೈಯಲ್ಲಿ ಹಿಡಿಕೆ. ಎತ್ತಿದರೆ ಹೆಂಡತಿಯ ಹಾಡು ಹೊಗೆ. ಎತ್ತದಿದ್ದರೆ ಊರು ಬಿಡುವುದಿಲ್ಲ. ಕಟ್ಟೆಯ ಮೇಲಿನಿಂದ ರೇಣುಕಾದೇವಿ ಮೆಲ್ಲಗೆ ತಲೆಯಾಡಿಸಿದಳು, ಎತ್ತಿರಿ ಎಂದು. ಆ ನಂಬಿಕೆಯ ಎದುರು ಓಬಳೇಶನಿಂದ ಎತ್ತಲಾಗಲಿಲ್ಲ. ಹಿಡಿಕೆ ಬಿಟ್ಟು ಎರಡೂ ಕೈಯಲ್ಲಿ ಮೈಕು ಹಿಡಿದುಕೊಂಡ.

“ಮಹಾಜನಗಳೇ” ಎಂದ. ಮುಂದಿನ ಘನ ಶಬ್ದಗಳು ಒಂದೂ ಹೊರಬರಲಿಲ್ಲ. “ರೇಣುಕಾ, ಕೈ ತೆಗಿ! ಪೆಟಗಿ ವೈರು ಕಿತ್ತಿ ಹಾಕು! ಆ ಡಬ್ಬಿ ಖಾಲಿ ಐತಿ!”

ಜನರೇಟರ್ ಒಂದೇ ಬಡಬಡ ಎನ್ನುತ್ತಿತ್ತು.

“ಅದರಾಗ ಏನೂ ಇಲ್ಲ. ಬರೇ ಒಂದು ವೈರು. ನಮ್ಮ ಓಣಿ ಕರೆಂಟಾ ನೂರಕ್ಕ ಇಳಿತಿತ್ತು, ನಾನು ಮಾಡೀನಿ ಅಂತ ಹೇಳಿದೆ. ನೀನು ಹೊಗಳಿದಿ, ಬೆಣ್ಣಿ ಹಾಕಿದಿ, ಹಂಗಾಗಿ ಸುಮ್ನಾದೆ. ಈಗ ಹಿಡಿಕಿ ಎತ್ತಿದ್ರ ನಿನ್ನ ಪೆಟಗಿ ಸುಟ್ಟು ಹೋಗತೈತಿ. ಅದಕ್ಕಾ ಟೀಸಿ ತಡಿಯಾಕ ಆಫೀಸಿಗೂ ಹೋಗಿದ್ದೆ...”

“ಏನು?” ವಿರುಪಮ್ಮ ಎದ್ದು ನಿಂತರು. “ನಮ್ಮ ಟೀಸಿನ ತಡಿಯಾಕ ಹೋಗಿದ್ದಿ?”

“ಹೌದ್ರಿ, ಬಂದಿದ್ರು” ಎಂದು ಜೆ.ಇ. ಪರಶುರಾಮ್ ಸಾಕ್ಷಿ ಹೇಳಿದರು. “ಬೆಳಕಿನಿಂದ ಕಣ್ಣಿಗೆ ತ್ರಾಸ ಆಗತೈತಿ ಅಂದ್ರು.”

“ಅದಕ್ಕಾ ನನ್ನ ದಿನಾ ಮೋಟ್ರು ಹಚ್ಚಿಸಿದ್ದು!” ಗುಂಪಿನ ನಡುವಿನಿಂದ ಮಾರೆಪ್ಪ ಅರಚಿದ. “ನನ್ನ ಬಾಳಿ ಬೇರು ಕೊಳತು ಹೋಗ್ಯಾವಲ್ಲೋ!”

ಗದ್ದಲವೆದ್ದಿತು. ವಿರುಪಮ್ಮ ಬಂದು ಓಬಳೇಶನ ಹೆಗಲ ಮೇಲಿನ ಶಾಲನ್ನು ಎಳೆದುಕೊಂಡು ಮಡಚಿ ಕಂಕುಳಲ್ಲಿಟ್ಟುಕೊಂಡರು. ಓಬಳೇಶ ತಲೆ ತಗ್ಗಿಸಿ ನಿಂತ. ಹೋದದ್ದು ತನ್ನ ಮಾನ ತಾನೇ, ಹೆಂಡತಿಯ ಪೆಟ್ಟಿಗೆ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡ. ಅಷ್ಟರಲ್ಲಿ ಕಟ್ಟೆಯ ಮೇಲಿನ ಮೈಕಿನಲ್ಲಿ ರೇಣುಕಾದೇವಿಯ ದನಿ ಕೇಳಿತು. ಅವಳು ಕೀಬೋರ್ಡಿನಿಂದ ಬೆರಳು ಕೂಡ ತೆಗೆದಿರಲಿಲ್ಲ.

“ಆತೇನ್ರಿ ಹೇಳಾದು? ಇನ್ನ ಹಿಡಿಕಿ ಎತ್ರಿ.”

“ಅಲ್ಲೇ, ನಾನು ಇಷ್ಟೊತ್ತು ಏನು ಹೇಳಿದೆ? ಡಬ್ಬಿ ಖಾಲಿ...”

“ಗೊತ್ತೈತ್ರಿ” ಎಂದಳು ಅವಳು. ಬಗ್ಗಿ ಮೇಜಿನ ಬಟ್ಟೆಯನ್ನು ಎತ್ತಿ ಹಿಡಿದಳು. ಮೇಜಿನ ಕೆಳಗೆ ಯೂಕಿಯದರಂಥದೇ ಒಂದು ಕರಿ ಡಬ್ಬಿ, ಇಟ್ಟಿಗೆಯಂತೆ ಗಟ್ಟಿಯಾಗಿ ಕೂತಿತ್ತು. ಕೀಬೋರ್ಡಿನ ವೈರು ಹೋಗಿದ್ದದ್ದು ಅದಕ್ಕೆ. “ಹೊನ್ನೂರುಸ್ವಾಮಿ ಅಂಗಡಿಯಿಂದ ಮನಿಗೆ ಫೋನ್ ಬಂತು, ನಿಮ್ಮ ಡಬ್ಬಿ ಬಂದೈತಿ ಒಯ್ರಿ ಅಂತ. ನಾನಾ ಹೋಗಿ ತಂದೆ. ಮತ್ತ ಮನ್ಯಾಗಿರಾದು ಎಂಥಾದ್ದು ಅಂತ ಸ್ಕ್ರೂ ಬಿಚ್ಚಿ ನೋಡಿದೆ. ಒಂದು ಹಲ್ಲಿ ಸಂಸಾರ ಮಾಡಿತ್ತು.”

ಓಣಿ ಘೊಳ್ಳೆಂದು ನಕ್ಕಿತು.

“ಹಂಗಾದ್ರ ಇಷ್ಟು ದಿನ ಯಾಕ ಸುಮ್ನಿದ್ದಿ?” ಓಬಳೇಶನೂ ಮೈಕಿನಲ್ಲೇ ಕೇಳಿದ. ಮೈಕು ಕೈಯಲ್ಲಿದೆ ಎನ್ನುವುದೇ ಅವನಿಗೆ ಮರೆತಿತ್ತು.

“ಸಂಜೀಕ ಖರೇ ಡಬ್ಬಿ ಹಚ್ಚಿ ನೋಡಿದೆ. ನಮ್ಮ ಕರೆಂಟಿಗೆ ಅದು ಮಿಸುಕಾಡಲಿಲ್ಲ. ನೂರನ್ನ ಮತ್ತೂ ಇಳಿಸಿದ್ರ ಪೆಟಗಿಗೆ ಏನು ಉಳಿತೈತಿ? ನಿಮ್ಮ ಖಾಲಿ ಡಬ್ಬೀನಾ ಚಲೋ ಇತ್ತು. ಹೊಸ ಟೀಸಿ ಬಂದ ಮ್ಯಾಲೆ ಹಚ್ಚೋಣಂತ ತೆಗೆದಿಟ್ಟಿದ್ದೆ.”

“ನನಗ ಒಂದು ಮಾತು ಹೇಳಬಾರದಿತ್ತೇನು?”

“ನೀವು ಹೇಳ್ತೀರಿ ಅಂತ ನಾ ಕಾದೆ. ಇಸ್ತ್ರಿ ಮಾಡಾಗ ಕೇಳಿದೆ, ಸೀರಿ ಮಸ್ತ್ ಐತಿ ಅಂದ್ರಿ. ಮನ್ಯಾಗ ನನ್ನೊಬ್ಬಾಕಿ ಮುಂದ ಹೇಳಿದ್ರ ಮುಗಿತಿತ್ತು. ನೀವು ಊರು ಕೂಡಿಸಿ, ಜನರೇಟರ್ ಹಚ್ಚಿ, ಮೈಕ್ ಹಿಡಿದು ಹೇಳಿದ್ರಿ!” ಎಂದು ರೇಣುಕಾದೇವಿ ತಾನೂ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. “ನನ್ನ ಪೆಟಗಿ ಉಳಿಸಾಕಂತ ಹೇಳಿದ್ರಲ್ಲ, ಇರ್ಲಿ. ಎತ್ರಿ ಇನ್ನ, ಬೆರಳ ಜೋಮು ಹಿಡದಾವ.”

ಓಬಳೇಶ ಹಿಡಿಕೆ ಎತ್ತಿದ.

ಓಣಿಯ ಅಷ್ಟೂ ಬಲ್ಬುಗಳು ಒಮ್ಮೆಗೇ ಹೊತ್ತಿಕೊಂಡವು. ಮನೆಗಳ ಗೋಡೆಗಳಿಗೆ ಬಣ್ಣವಿದೆ ಎನ್ನುವುದು ಆ ಸಂಜೆ ಎಲ್ಲರಿಗೂ ಗೊತ್ತಾಯಿತು. ಭವನದ ಅಂಗಳದಲ್ಲಿ ಚಪ್ಪಾಳೆ ಮಳೆಯಂತೆ ಸುರಿಯಿತು, ಹೆಂಗಸರು ಗಂಡಸರು ಎದ್ದು ನಿಂತು ತಟ್ಟಿದರು. ನಮ್ಮ ಜನ ದೊಡ್ಡ ಮನಸ್ಸಿನವರು, ಕ್ಷಣದಲ್ಲಿ ಕ್ಷಮಿಸಿಬಿಟ್ಟರಲ್ಲ ಎಂದು ಓಬಳೇಶನ ಕಣ್ಣು ತುಂಬಿ ಬಂತು. ಅವನು ಎರಡೂ ಕೈ ಜೋಡಿಸಿ, ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ಬಗ್ಗಿ ನಮಸ್ಕಾರ ಮಾಡಿದ. ನಡುವಿನವರಿಗೆ ಬೇಸರವಾಗದಿರಲೆಂದು ನಡುವಿಗೂ ಒಮ್ಮೆ ಬಗ್ಗಿದ.

“ಓಬಳೇಶಪ್ಪಾರ, ಅಡ್ಡ ನಿಂತೀರಿ, ಸ್ವಲ್ಪ ಸರೀರಿ” ಎಂದರು ಹಿಂದಿನಿಂದ ಜೆ.ಇ. ಪರಶುರಾಮ್. “ಅಕ್ಕಾರು ಕಾಣವಲ್ರು.”

ಆಗ ಅವನು ತಿರುಗಿ ನೋಡಿದ. ಜನರೆಲ್ಲ ನೋಡುತ್ತಿದ್ದದ್ದು ಅವನನ್ನು ದಾಟಿ ಕಟ್ಟೆಯ ಕಡೆ. ವಿರುಪಮ್ಮ ಆ ಶಾಲನ್ನು ಬಿಚ್ಚಿ ರೇಣುಕಾದೇವಿಗೆ ಹೊದಿಸುತ್ತಿದ್ದರು. ಅವಳು ಕಣ್ಣು ಮುಚ್ಚಿ ಮೊದಲ ಸ್ವರ ಹಿಡಿದಾಗಿತ್ತು. ಓಬಳೇಶ ಜೋಡಿಸಿದ್ದ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ಒಂದು ಕ್ಷಣ ಹಾಗೇ ನಿಂತ. ಆಮೇಲೆ ಅವುಗಳಿಂದಲೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತ, ಬದಿಗೆ ಸರಿದು, ಮಾರೆಪ್ಪನ ಪಕ್ಕದಲ್ಲಿ ನೆಲದ ಮೇಲೆ ಕೂತುಕೊಂಡ.